ಶುದ್ಧ ಶಕ್ತಿಯ ಸಂಶೋಧನೆಯೂ ಸಣ್ಣ ಕಸುಬುದಾರನೂ

ಉಮರಗಾ, ನಿಲಂಗಾ, ಉದಗೀರ ಸೀಮೆಯ ಕರಿಯ ಭೂಮಿಯಲ್ಲಿ ತೊಗರಿ, ಜೋಳ, ಕುಸುಬಿಗಳನ್ನು ಬೆಳೆದು ಬಾಳುವ ನಮ್ಮ ಕುಟುಂಬಗಳಿಗೆ ಉರುವಲಿನ ಚಿಂತೆ ಹೊಸದಲ್ಲ. ಸುಗ್ಗಿ ಮುಗಿದೊಡನೆ ತೊಗರಿಯ ಕಟ್ಟಿಗೆ ಹಿತ್ತಿಲನ್ನು ಸೇರುವುದು. ಹೊಲಕ್ಕೆ ಗೊಬ್ಬರವಾಗಬೇಕಾದ ಹೆಂಡಿ ಕುಳ್ಳಾಗಿ ಒಲೆಯ ಪಾಲಾಗುವುದು. ಆ ಒಲೆಯ ಹೊಗೆಗೆ ತೆರಬೇಕಾದ ಬೆಲೆಯನ್ನು ನಮ್ಮ ತಾಯಂದಿರು ತಮ್ಮ ಕಣ್ಣುಗಳಿಂದಲೂ ಶ್ವಾಸಕೋಶಗಳಿಂದಲೂ ತೆತ್ತಿದ್ದಾರೆ. ಈ ಕಷ್ಟವನ್ನು ನೀಗಲು ದೇಶದ ವಿಜ್ಞಾನಿಗಳು ಸರಕಾರದ ದ್ರವ್ಯದಿಂದ ನಡೆಸಿದ ಪ್ರಯತ್ನಗಳಿಗೆ ಒಂದು ದೀರ್ಘ ಇತಿಹಾಸವುಂಟು. ಪ್ರಯೋಗಶಾಲೆಯಲ್ಲಿ ಹುಟ್ಟಿದ ವಿಚಾರವು ಅಡುಗೆಮನೆಯನ್ನು ಮುಟ್ಟಿದ್ದು ಎಲ್ಲಿ, ನಡುದಾರಿಯಲ್ಲಿ ನಿಂತುಹೋದದ್ದು ಎಲ್ಲಿ ಎಂಬುದನ್ನು ಆ ಇತಿಹಾಸದಿಂದ ಅರಿಯಬಹುದು.

ಮೊದಲು ಗೋಬರ ಗ್ಯಾಸಿನ ಕಥೆಯನ್ನು ನೋಡೋಣ. 1939ರಲ್ಲಿ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಶ್ರೀ ಎಸ್. ವಿ. ದೇಸಾಯಿಯವರು ಸಗಣಿಯಿಂದ ಅನಿಲವನ್ನು ಪಡೆಯುವ ಪ್ರಯೋಗಕ್ಕೆ ಕೈಹಾಕಿದರು. ಅನಂತರ ಶ್ರೀ ಜಶಭಾಯಿ ಪಟೇಲರು ತೇಲುವ ಕಬ್ಬಿಣದ ಡ್ರಮ್ಮುಳ್ಳ ಸ್ಥಾವರವನ್ನು ರೂಪಿಸಿದರು. 1960ರ ದಶಕದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗವು ಅದನ್ನು ಹಳ್ಳಿಗಳಿಗೆ ಒಯ್ದಿತು. ಇದರ ಗುಣವೇನೆಂದರೆ, ಹೆಂಡಿಯು ಒಲೆಗೂ ಒದಗುವುದು, ಹೊಲಕ್ಕೂ ಉಳಿಯುವುದು. ಅನಿಲವು ಉರಿದ ಮೇಲೂ ಗೊಬ್ಬರದ ಸಾರವು ರಾಡಿಯಲ್ಲಿ ನಿಲ್ಲುವುದು. ಆದರೆ ಕಬ್ಬಿಣದ ಡ್ರಮ್ಮಿಗೆ ವೆಚ್ಚ ಅಧಿಕ, ತುಕ್ಕಿನ ಕಾಟವೂ ಅಧಿಕ. ಆದುದರಿಂದ 1978ರಲ್ಲಿ 'ಜನತಾ' ಮಾದರಿಯೂ 1984ರಲ್ಲಿ 'ದೀನಬಂಧು' ಮಾದರಿಯೂ ಬಂದುವು. ಇವುಗಳಲ್ಲಿ ಡ್ರಮ್ಮಿಲ್ಲ; ಇಟ್ಟಿಗೆ ಸಿಮೆಂಟಿನ ಗುಮ್ಮಟವೇ ಅನಿಲವನ್ನು ಹಿಡಿದಿಡುವುದು. ಹೀಗೆ ಪಟ್ಟಣದ ಕಾರಖಾನೆಯ ಕೆಲಸವು ಊರ ಗೌಂಡಿಯ ಕೈಗೆ ಬಂದಿತು. ಗುಮ್ಮಟದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅನಿಲವೆಲ್ಲ ಸೋರಿಹೋಗುವುದರಿಂದ ಗೌಂಡಿಯ ಶಿಕ್ಷಣವೇ ಇಲ್ಲಿ ಮುಖ್ಯವಾಯಿತು.

1973ರಲ್ಲಿ ಖನಿಜ ತೈಲದ ಬೆಲೆ ಜಗತ್ತಿನಾದ್ಯಂತ ಏರಿದಾಗ ಬಡ ದೇಶಗಳು ಕಂಗೆಟ್ಟವು. ಮರುವರ್ಷವೇ, ಎಂದರೆ 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ॥ ಅಮೂಲ್ಯ ಕುಮಾರ ಎನ್. ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವು ಪ್ರಾರಂಭವಾಯಿತು. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸ್ಥಾಪಿತವಾಯಿತು. ಇವುಗಳ ಫಲವೇ ಕನ್ನಡ ನಾಡಿನಲ್ಲಿ ಹೆಸರಾದ 'ಅಸ್ತ್ರ ಒಲೆ'. ಮೂರು ಪಾತ್ರೆಗಳನ್ನು ಒಮ್ಮೆಲೆ ಇಡಬಹುದಾದ ಈ ಮಣ್ಣಿನ ಒಲೆಯಲ್ಲಿ ಉರುವಲು ಜಾಲರಿಯ ಮೇಲೆ, ಬಾಗಿಲುಳ್ಳ ಗೂಡಿನಲ್ಲಿ ಉರಿಯುವುದು. ಹೊಗೆಯು ಕೊಳವೆಯಿಂದ ಹೊರಬೀಳುವುದು. ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ತಗಲುತ್ತಿದ್ದರೆ, ಇದರಲ್ಲಿ ಅದರ ಮೂರು ಪಟ್ಟಿನಷ್ಟು ತಗಲುವಂತಾಯಿತು.

ಅದೇ ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಇಡೀ ಊರಿಗೆ ಒಂದು ಗೋಬರ ಗ್ಯಾಸ್ ಸ್ಥಾವರವನ್ನು ಕಟ್ಟಿದರು. ಮೊದಲಿನ ಉದ್ದೇಶ ಅಡುಗೆ. ಆದರೆ ಊರಿನ ಸಗಣಿಯೆಲ್ಲ ಕೂಡಿದರೂ ಎಲ್ಲ ಒಲೆಗಳಿಗೆ ಅನಿಲ ಸಾಲಲಿಲ್ಲ. ವಿಜ್ಞಾನಿಗಳು ಹಟ ಹಿಡಿಯದೆ ಊರವರನ್ನೇ ಕೇಳಿದರು. ಊರವರು ಬಯಸಿದ್ದು ಕುಡಿಯುವ ನೀರನ್ನು. 1987ರಿಂದ ಆ ಅನಿಲವು ಎಂಜಿನನ್ನು ನಡೆಸಿ ಕೊಳವೆಬಾವಿಯ ನೀರನ್ನೆತ್ತಿತು, ಮನೆಗಳಲ್ಲಿ ದೀಪ ಬೆಳಗಿಸಿತು; ಸಗಣಿ ಕೊಟ್ಟವರು ರಾಡಿಯನ್ನು ಗೊಬ್ಬರವಾಗಿ ಮರಳಿ ಪಡೆದರು. ಅದೇ ತಾಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಕಟ್ಟಿಗೆಯನ್ನು ಅನಿಲವಾಗಿಸುವ ಯಂತ್ರದಿಂದ ವಿದ್ಯುತ್ತು ದೊರೆಯಿತು; ಅದಕ್ಕೆ ಬೇಕಾದ ಮರಗಳನ್ನು ಊರ ನೆಲದಲ್ಲೇ ಬೆಳೆಸಲಾಯಿತು.

ಇದೇ ಕಾಲದಲ್ಲಿ ಅಮೇರಿಕೆಯಲ್ಲಿ ಬೇರೊಂದು ಮಾರ್ಗವು ರೂಪುಗೊಂಡಿತು. ದೊಡ್ಡ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಮಾತ್ರವೇ ಸರಕಾರದ ಸಂಶೋಧನಾ ಹಣವನ್ನು ಪಡೆಯುವುದು ಯುಕ್ತವಲ್ಲವೆಂದು ಬಗೆದು, ಅಲ್ಲಿನ ಸಂಸತ್ತು 1982ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಅದರಂತೆ ದೊಡ್ಡ ಇಲಾಖೆಗಳು ತಮ್ಮ ಸಂಶೋಧನಾ ಹಣದ ಅಲ್ಪ ಪಾಲನ್ನು ಸಣ್ಣ ಉದ್ಯಮಗಳಿಗೆಂದೇ ತೆಗೆದಿಡಬೇಕಾಯಿತು. ಶಕ್ತಿ ಇಲಾಖೆಯೂ ಇವುಗಳಲ್ಲೊಂದು. ಅಲ್ಲಿ ಮೂರು ಮೆಟ್ಟಿಲುಗಳು: ಮೊದಲನೆಯದರಲ್ಲಿ ವಿಚಾರವು ಸಾಧ್ಯವೇ ಎಂಬ ಪರೀಕ್ಷೆ, ಎರಡನೆಯದರಲ್ಲಿ ಮಾದರಿಯ ನಿರ್ಮಾಣ, ಮೂರನೆಯದರಲ್ಲಿ ಉದ್ಯಮಿಯು ಆ ಯೋಜನೆಯ ಹಣವನ್ನು ಬಿಟ್ಟು ಪೇಟೆಯಲ್ಲಿ ತನ್ನ ಕಾಲ ಮೇಲೆ ನಿಲ್ಲತಕ್ಕದ್ದು.

ನಮ್ಮ ದೇಶದಲ್ಲಿಯೂ 1982ರಲ್ಲಿಯೇ ಅಸಾಂಪ್ರದಾಯಿಕ ಶಕ್ತಿಯ ಇಲಾಖೆ ಜನ್ಮತಾಳಿತು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಸುಧಾರಿತ ಒಲೆಗಳ ಕಾರ್ಯಕ್ರಮದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳು ಹಂಚಲ್ಪಟ್ಟವು. ಆದರೂ 2002ರಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿತು. ಅನೇಕ ಕಡೆ ಕಟ್ಟಿದ ಒಲೆಗಳ ಲೆಕ್ಕ ದಫ್ತರಿನಲ್ಲಿ ಬೆಳೆಯಿತೇ ಹೊರತು, ಕೊಳವೆ ಕಟ್ಟಿಕೊಂಡಾಗ ಬಿಡಿಸುವವರು, ಗೂಡು ಒಡೆದಾಗ ಮೆತ್ತುವವರು ಇರಲಿಲ್ಲ. ಸಹಾಯಧನದ ಒಲೆಗೆ ಒಡೆಯನಿದ್ದ, ಆದರೆ ಅದರ ಕಸುಬುದಾರನಿಗೆ ಬಾಳ್ವೆಯಿರಲಿಲ್ಲ.

ಈ ಕೊರತೆಯನ್ನರಿತು ನಡೆದವರೂ ಉಂಟು. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ 'ಟೈಡ್' ಸಂಸ್ಥೆಯು ಶ್ರೀಮತಿ ಸ್ವಾತಿ ಭೋಗಲೆಯವರ ಮುಂದಾಳುತನದಲ್ಲಿ, ಸರಕಾರದ ವಿಜ್ಞಾನ ಇಲಾಖೆಯ ನೆರವನ್ನೂ ಪಡೆದು, ರೇಷ್ಮೆ ಬಿಚ್ಚುವವರು, ಅಡಿಕೆ ಬೇಯಿಸುವವರು ಮೊದಲಾದ ಸಣ್ಣ ಉದ್ಯಮಗಳಿಗೆ ಕಟ್ಟಿಗೆ ಉಳಿಸುವ ಒಲೆಗಳನ್ನು ಒದಗಿಸಿತು. ಒಲೆ ಕಟ್ಟುವುದನ್ನೇ ಜೀವನೋಪಾಯವಾಗಿ ನಡೆಸುವವರನ್ನು ತಯಾರು ಮಾಡಿತು. ಶ್ರೀ ಹರೀಶ ಹಂದೆಯವರು 1995ರಲ್ಲಿ ಪ್ರಾರಂಭಿಸಿದ 'ಸೆಲ್ಕೊ' ಗ್ರಾಮೀಣ ಬ್ಯಾಂಕುಗಳ ಸಾಲವನ್ನು ಜೋಡಿಸಿಕೊಟ್ಟು ಸೂರ್ಯಶಕ್ತಿಯ ದೀಪಗಳನ್ನು ಬಡವರ ಮನೆಗೆ ಮುಟ್ಟಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಮಹಾರಾಷ್ಟ್ರದಲ್ಲಿ ಪುಣೆಯ 'ಆರ್ತಿ' ಸಂಸ್ಥೆಯ ಡಾ॥ ಆನಂದ ಕರ್ವೆಯವರು ಹೊಲದಲ್ಲೇ ಸುಟ್ಟುಹೋಗುತ್ತಿದ್ದ ಕಬ್ಬಿನ ರವದಿಯಿಂದ ಇದ್ದಿಲಿನ ಉಂಡೆಗಳನ್ನು ಮಾಡುವ ವಿಧಾನವನ್ನು ಬಳಕೆಗೆ ತಂದರು. ಫಲಟಣದ ನಿಂಬಕರ ಸಂಸ್ಥೆಯಲ್ಲಿ ಸಿಹಿ ಜೋಳದ ದಂಟಿನಿಂದ ಉರುವಲು ಮದ್ಯಸಾರವನ್ನು ತೆಗೆಯುವ ಸಂಶೋಧನೆ ನಡೆಯಿತು. ತೊಗರಿ ಜೋಳಗಳ ನಾಡಾದ ನಮಗೆ ಇಂಥ ಕೆಲಸಗಳು ಪರಕೀಯವಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿ ಹೇಳಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಜ್ಞಾನದಿಂದ ರೂಪುಗೊಂಡ 'ಊರ್ಜಾ' ಒಲೆಯು 2006ರ ಅನಂತರ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ಸುಮಾರು ನಾಲ್ಕು ಲಕ್ಷ ಮಾರಾಟವಾಯಿತು. ಕೃಷಿಯ ಕಸದಿಂದ ಒತ್ತಿ ಮಾಡಿದ ಗುಳಿಗೆಗಳೇ ಅದರ ಆಹಾರ. ಆ ಕಸಕ್ಕೆ ಬೇರೆ ಗಿರಾಕಿಗಳು ಹುಟ್ಟಿ ಬೆಲೆ ಏರಿದಾಗ ಗುಳಿಗೆಯೂ ತುಟ್ಟಿಯಾಯಿತು. ಒಲೆ ಒಳ್ಳೆಯದಿದ್ದರೂ ಅನೇಕ ಮನೆಗಳಲ್ಲಿ ಅದು ಮೂಲೆ ಸೇರಿತು. ಯಂತ್ರ ಎಷ್ಟೇ ಉತ್ತಮವಿರಲಿ, ಅದರ ಉರುವಲು ಊರಲ್ಲೇ ದೊರೆಯದಿದ್ದರೆ ಅದು ನಿಲ್ಲದು.

2016ರಿಂದ ಉಜ್ವಲಾ ಯೋಜನೆಯ ಮೂಲಕ ಸಿಲಿಂಡರು ಬಡವರ ಮನೆಗಳಿಗೂ ಬಂದಿದೆ. ಇದು ಸಂತೋಷದ ವಿಷಯ. ಆದರೂ ಅದನ್ನು ತುಂಬಿಸುವ ಹಣವಿಲ್ಲದ ತಿಂಗಳಲ್ಲಿ ಹಳೆಯ ಒಲೆಯೇ ಮತ್ತೆ ಹೊತ್ತುವುದು. ಆದುದರಿಂದ ಮೇಲಿನ ಇತಿಹಾಸದ ಪ್ರಯೋಜನ ತೀರಿಲ್ಲ.

ಉದಗೀರ, ನಿಲಂಗಾಗಳು 1956ರ ವರೆಗೆ ಬೀದರ ಜಿಲ್ಲೆಯೊಳಗೇ ಇದ್ದುವು. ಉಮರಗಾದಿಂದ ಶರಣರ ಕಲ್ಯಾಣವು ದೂರವಿಲ್ಲ. ಗಡಿಯ ಗೆರೆ ಬದಲಾಯಿತು; ಹೊಲದ ಬೆಳೆ, ಒಲೆಯ ಹೊಗೆ ಎರಡೂ ಕಡೆ ಒಂದೇ. ಬೆಂಗಳೂರಿನ ವಿದ್ಯೆಯೂ ಪುಣೆಯ ವಿದ್ಯೆಯೂ ನಮಗೆ ಸಲ್ಲತಕ್ಕವು. ಎರಡು ಭಾಷೆಗಳನ್ನು ಬಲ್ಲ ನಮ್ಮ ತರುಣರು ಎರಡನ್ನೂ ಊರಿಗೆ ತರಬಲ್ಲರು. ಕಾಯಕಕ್ಕೆ ಘನತೆಯನ್ನು ತಂದ ಈ ನೆಲದಲ್ಲಿ ಗೌಂಡಿಯ ಮಗನೊಬ್ಬನು ಗುಮ್ಮಟ ಕಟ್ಟುವುದನ್ನು, ಕಂಬಾರನ ಮಗಳೊಬ್ಬಳು ಸೂರ್ಯದೀಪ ದುರಸ್ತಿ ಮಾಡುವುದನ್ನು ಕಲಿತರೆ, ಆ ಶಿಕ್ಷಣವನ್ನು ತಾಯ್ನುಡಿಯಲ್ಲಿ ದೊರಕಿಸಿಕೊಡುವುದು ನಮ್ಮ ಸಂಘಗಳ ಕರ್ತವ್ಯವಾಗಬೇಕು. ಸರಕಾರದ ಹಣವು ಬೀಜವಾಗಬಲ್ಲದು. ಅದಕ್ಕೆ ನೀರೆರೆಯುವ ಕೈಗಳು ಊರಿನವೇ ಆಗಿರಬೇಕು.