ಹತ್ತಿಗಾಗಿ ಪ್ರಾಂತ ಬದಲಿಸಿದ ಜಿಲ್ಲೆ

ಭಟ್ಕಳದಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಶಿರೂರು ಸಿಗುತ್ತದೆ. ಉತ್ತರ ಕನ್ನಡ ಜಿಲ್ಲೆ ಮುಗಿದು ಉಡುಪಿ ಜಿಲ್ಲೆ ಆರಂಭವಾಗುವುದು ಇಲ್ಲಿ. ಎರಡೂ ಕಡೆ ಅದೇ ಕಡಲು, ಅದೇ ತೆಂಗಿನ ತೋಟ. ಬಸ್ಸಿನಲ್ಲಿ ಕುಳಿತವರಿಗೆ ಗಡಿ ದಾಟಿದ್ದು ಗೊತ್ತಾಗುವುದೂ ಇಲ್ಲ. ಆದರೆ 1862ರಿಂದ 1956ರವರೆಗೆ, ಅಂದರೆ 94 ವರ್ಷಗಳ ಕಾಲ, ಮುಂಬಯಿ ಮತ್ತು ಮದರಾಸು ಪ್ರಾಂತಗಳನ್ನು ಬೇರ್ಪಡಿಸಿದ ಗಡಿ ಇದೇ ಆಗಿತ್ತು. ಒಂದೇ ಕರಾವಳಿಯ ಕನ್ನಡಿಗರನ್ನು ಎರಡು ಸರ್ಕಾರಗಳಿಗೆ ಹಂಚಿದ ಈ ಏರ್ಪಾಡಿನ ಹಿಂದೆ ಇದ್ದದ್ದು ಹತ್ತಿಯ ವ್ಯಾಪಾರ. ಅದನ್ನು ಆಗಮಾಡಿಸಿದ್ದು ಇಂಗ್ಲೆಂಡಿನ ಮತ್ತು ಮುಂಬಯಿಯ ವರ್ತಕ ಸಂಘಗಳ ಒತ್ತಾಯ.

ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ, ಕೆನರಾ ಜಿಲ್ಲೆ ಇಂಗ್ಲಿಷರ ಕೈಸೇರಿತು. ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೊ. ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಇಲ್ಲಿನ ಹಳೆಯ ರೇವುಗಳೆಂದರೆ ಭಟ್ಕಳ, ಹೊನ್ನಾವರ. ಮೆಣಸಿನ ವ್ಯಾಪಾರದಿಂದ ಹೆಸರಾದ ಊರುಗಳಿವು. ಹದಿನಾಲ್ಕನೆಯ ಶತಮಾನದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರವನ್ನು ಕಂಡು ಬರೆದಿದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂದೆ ಬಂದದ್ದು ಕುಮಟಾ. ಧಾರವಾಡ, ಹುಬ್ಬಳ್ಳಿಯ ಎರೆನೆಲದ ಹತ್ತಿ ಅಂಡಿಗೆಗಳು ಶಿರಸಿಯ ಮೇಲಿಂದ ದೇವಿಮನೆ ಘಟ್ಟ ಇಳಿದು ಇಲ್ಲಿಗೆ ಬರುತ್ತಿದ್ದವು. ಇಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ, ಅಲ್ಲಿಂದ ದೊಡ್ಡ ಹಡಗುಗಳಲ್ಲಿ ಲಿವರ್‌ಪೂಲಿಗೆ ಪ್ರಯಾಣ. ಕುಮಟಾ ಹತ್ತಿ ಬೆಳೆಯುವ ಸೀಮೆಯಲ್ಲ. ಆದರೂ ಧಾರವಾಡದ ನಾಡಹತ್ತಿಗೆ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರೇ ನಿಂತುಬಿಟ್ಟಿತು.

ಈ ಹತ್ತಿಯ ಮೇಲೆ ಕಣ್ಣಿಟ್ಟವರು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು. ಅವರು ಬಳಸುತ್ತಿದ್ದ ಹತ್ತಿಯಲ್ಲಿ ಬಹುಪಾಲು ಅಮೆರಿಕದ್ದು. ಗುಲಾಮರ ದುಡಿಮೆಯಿಂದ ಬೆಳೆದ ಆ ಹತ್ತಿ ಯಾವಾಗ ಕೈಕೊಡುವುದೋ ಎಂಬ ಅಳುಕು ಅವರಿಗಿತ್ತು. ಮ್ಯಾಂಚೆಸ್ಟರಿನ ಚೇಂಬರ್ ಆಫ್ ಕಾಮರ್ಸ್ 1820ರಷ್ಟು ಹಳೆಯದು. 1857ರಲ್ಲಿ ಹತ್ತಿ ಪೂರೈಕೆಗೆಂದೇ ಇನ್ನೊಂದು ಸಂಘ ಹುಟ್ಟಿತು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸ್ಥಾಪನೆಯಾಯಿತು.

ಅವರಿಗೆ ಕುಮಟಾ ಒಗ್ಗಲಿಲ್ಲ. ಅದು ಬಯಲು ರೇವು. ದೊಡ್ಡ ಹಡಗು ದಡಕ್ಕೆ ಬರುವಂತಿಲ್ಲ, ಮಳೆಗಾಲದಲ್ಲಿ ಕೆಲಸವೇ ಇಲ್ಲ. ಉತ್ತರಕ್ಕೆ ಕಾಳಿ ನದಿಯ ಮುಖದಲ್ಲಿದ್ದ ಸದಾಶಿವಗಡ, ಕಾರವಾರಗಳ ಕೊಲ್ಲಿ ಸಹಜ ಬಂದರು. ಹತ್ತಿಯನ್ನು ಅಲ್ಲೇ ಯಂತ್ರದಲ್ಲಿ ಒತ್ತಿ ಹಡಗಿಗೆ ಹೇರಿದರೆ ಮುಂಬಯಿಯ ಸುತ್ತು ತಪ್ಪುತ್ತದೆ ಎಂಬುದು ಅವರ ಲೆಕ್ಕ. ತೊಡಕು ಒಂದೇ: ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಸರ್ಕಾರದ್ದು, ಬಂದರು ಮದರಾಸು ಸರ್ಕಾರದ್ದು. ಘಟ್ಟದ ಮೇಲಿನ ರಸ್ತೆ ಒಬ್ಬರದು, ಕೆಳಗಿನದು ಇನ್ನೊಬ್ಬರದು. ದೂರದ ಮದರಾಸಿಗೆ ಧಾರವಾಡದ ಹತ್ತಿಗಾಗಿ ಹಣ ಸುರಿಯುವ ಆತುರವೇನೂ ಇರಲಿಲ್ಲ.

ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಭಾರತ ಮಂತ್ರಿ ಸರ್ ಚಾರ್ಲ್ಸ್ ವುಡ್ ಅವರ ಬೆನ್ನು ಹತ್ತಿದರು. ಇತ್ತ 1836ರಲ್ಲಿ ಸ್ಥಾಪನೆಯಾಗಿದ್ದ ಬಾಂಬೆ ಚೇಂಬರ್ ಆಫ್ ಕಾಮರ್ಸ್ ಕೂಡ ಕರಾವಳಿಯನ್ನು ಮುಂಬಯಿಗೆ ಸೇರಿಸಬೇಕೆಂದು ಒತ್ತಾಯಿಸಿತು. ಎರಡರ ಹಿತವೂ ಒಂದೇ ಆಗಿರಲಿಲ್ಲವೆಂಬುದು ಗಮನಾರ್ಹ. ಮುಂಬಯಿಯನ್ನು ಬಿಟ್ಟು ನೇರವಾಗಿ ಹತ್ತಿ ಸಾಗಿಸುವುದು ಮ್ಯಾಂಚೆಸ್ಟರಿನ ಆಸೆ. ಕರಾವಳಿ ತಮ್ಮ ಪ್ರಾಂತದೊಳಗೆ ಬಂದರೆ ಮುಂಬಯಿ ವರ್ತಕರಿಗೆ ಅನುಕೂಲ. ಗಡಿ ಬದಲಾಗಬೇಕೆಂಬಷ್ಟಕ್ಕೆ ಇಬ್ಬರದೂ ಒಮ್ಮತ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಹತ್ತಿಗೆ ಬರ ಬಂದಾಗ ಈ ಕೂಗಿಗೆ ಬಲ ಬಂತು. ಅದಾಗಲೇ ಕೆನರಾ ಉತ್ತರ, ದಕ್ಷಿಣ ಎಂದು ಎರಡಾಗಿತ್ತು. 1862ರಲ್ಲಿ ಉತ್ತರದ ಭಾಗ ಮುಂಬಯಿಗೆ ಹೋಯಿತು. ಕುಂದಾಪುರ ತಾಲ್ಲೂಕು ಮಾತ್ರ ಮದರಾಸಿನಲ್ಲೇ ಉಳಿಯಿತು. ಕುಮಟಾ, ಹೊನ್ನಾವರಗಳ ಜೊತೆ ಮುಂಬಯಿಗೆ ಸೇರಿದ ಭಟ್ಕಳ ಗಡಿಯ ಊರಾಯಿತು.

ಇಷ್ಟಾಗಿ ಕಂಪನಿಗೆ ದಕ್ಕಿದ್ದೇನು? ಅದರ ಯಂತ್ರಗಳು ಬಂದಿಳಿದಾಗ ಧಕ್ಕೆಯಾಗಲಿ, ಘಟ್ಟದ ರಸ್ತೆಯಾಗಲಿ ಸಿದ್ಧವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು, ಮುಂಬಯಿಯ ಷೇರು ಪೇಟೆ ನೆಲಕಚ್ಚಿತು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆದರೂ ಲಿವರ್‌ಪೂಲಿಗೆ ನೇರವಾಗಿ ಹತ್ತಿ ಕಳಿಸುವ ದೊಡ್ಡ ಬಂದರಾಗಲಿಲ್ಲ. 1880ರ ದಶಕದ ಕೊನೆಗೆ ಗೋವೆಯ ಮಾರ್ಮಗೋವೆಗೆ ರೈಲು ಹಾಕಿದ್ದೇ, ಹುಬ್ಬಳ್ಳಿಯ ಹತ್ತಿ ಆ ದಾರಿ ಹಿಡಿಯಿತು. ಕುಮಟಾದ ಹತ್ತಿ ವ್ಯಾಪಾರ ಇಳಿಮುಖವಾಯಿತು.

ಹತ್ತಿ ಹೋದರೂ ಗಡಿ ಉಳಿಯಿತು. 1862ರಲ್ಲೇ ಮುಂಬಯಿ, ಮದರಾಸುಗಳಲ್ಲಿ ಹೈಕೋರ್ಟುಗಳು ಆರಂಭವಾದವು. ಭಟ್ಕಳದ ರೈತನ ಮೇಲ್ಮನವಿ ಮುಂಬಯಿಗೆ, ನೆರೆಯ ಬೈಂದೂರಿನವನದು ಮದರಾಸಿಗೆ. ಭೂಕಂದಾಯದ ರೀತಿಯೂ ಬೇರೆಯಾಯಿತು. ಮುಂಬಯಿ ಸರ್ಕಾರ ಹೊಸ ಸರ್ವೆ ಮಾಡಿ ಕಂದಾಯ ಏರಿಸಿದಾಗ ಉತ್ತರ ಕನ್ನಡದ ಭೂಮಾಲೀಕರು ತಮ್ಮ ಹಳೆಯ ಮೂಲಿ ಹಕ್ಕುಗಳನ್ನು ಮುಂದಿಟ್ಟು ದಾವೆ ಹೂಡಿದರು. 1875ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಅವರು ಸೋತರು. ಜಿಲ್ಲೆಯನ್ನು ಕೈಬದಲಾಯಿಸಬೇಕೆಂದು ಬರೆದ ಮನವಿಗಳಲ್ಲಿ ರಸ್ತೆ, ಬಂದರು, ಅಂಡಿಗೆಗಳ ಮಾತಿತ್ತು. ಇಂಥ ರೈತರ ಹಕ್ಕುಬಾಧ್ಯತೆ ಆ ವಾದದ ತಿರುಳಾಗಿರಲಿಲ್ಲ.

1956ರ ನವೆಂಬರ್ 1ರಂದು ಎರಡು ಕನ್ನಡ ಜಿಲ್ಲೆಗಳೂ ಮೈಸೂರು ರಾಜ್ಯಕ್ಕೆ ಸೇರಿ ಮತ್ತೆ ಒಂದೇ ಸರ್ಕಾರದಡಿ ಬಂದವು. ದಕ್ಷಿಣದ ತುದಿಯ ಕಾಸರಗೋಡು ಮಾತ್ರ ಕೇರಳದ ಪಾಲಾಯಿತು. ಘಟ್ಟದ ಸೀಮೆಗೂ ಕರಾವಳಿಗೂ ನೇರ ಸಂಪರ್ಕ ಬೇಕೆಂಬ ಹಳೆಯ ಬೇಡಿಕೆ ಈ ಶತಮಾನದಲ್ಲಿ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಚರ್ಚೆಯಾಗಿ ಮುಂದುವರಿದಿದೆ. ದೇವಿಮನೆ ಘಟ್ಟದಲ್ಲಿ ಈಗ ಹತ್ತಿಯ ಗಾಡಿಗಳಿಲ್ಲ. 1862ರ ಗೆರೆ ಮಾತ್ರ ಶಿರೂರಿನ ಬಳಿ ಜಿಲ್ಲೆಯ ಗಡಿಯಾಗಿ ಇನ್ನೂ ಇದೆ.