ಸಿವಂಗಿಗೆ ಬೇಟೆ ಕಲಿಸುವವರು ಯಾರು? ಕೊಲ್ಹಾಪುರದ ಚೀತಾಗಳು ಮತ್ತು ಅಳಿದ ಪ್ರಾಣಿಯನ್ನು ಮರಳಿ ತರುವ ಮಾತು

ಅಳಿದ ಪ್ರಾಣಿಗಳನ್ನು ಮತ್ತೆ ಹುಟ್ಟಿಸುವ ವಿಜ್ಞಾನ ಅಂದ ಕೂಡಲೇ ಎಲ್ಲರೂ ಮ್ಯಾಮತ್ ಕಡೆ ಹೋಗ್ತಾರೆ. ನನ್ನೂರು ಗಡಹಿಂಗ್ಲಜ ತಾಲ್ಲೂಕಿನ ಮಹಾಗಾಂವ, ಹಿಂದಿನ ಕೊಲ್ಹಾಪುರ ಸಂಸ್ಥಾನದ ಸೀಮೆ. ಹಾಗಾಗಿ ನಾನು ಚೀತಾದಿಂದ ಶುರು ಮಾಡ್ತೀನಿ.

ಮೊದಲು ಹೆಸರು. ಚಿರತೆ ಬೇರೆ, ಚೀತಾ ಬೇರೆ. 1867ರಲ್ಲಿ ಜೆರ್ಡನ್ ಬರೆದ ಭಾರತದ ಸಸ್ತನಿಗಳ ಪುಸ್ತಕದಲ್ಲಿ ಚೀತಾಕ್ಕೆ ‘ಸಿವಂಗಿ’ ಎಂಬ ಕನ್ನಡ ಹೆಸರಿದೆ. ಅಂದರೆ ನಮ್ಮವರು ಅದನ್ನು ಕಂಡಿದ್ದರು. ನಮ್ಮ ಅಜ್ಜಿಗೆ ಕೇಳಿದೆ. ‘ಯಾರ ಹೆಸರೋ ಅದು?’ ಅಂದಳು.

ಅರಸರು ಚೀತಾಗಳನ್ನು ಪಳಗಿಸಿ ಕೃಷ್ಣಮೃಗದ ಮೇಲೆ ಬಿಡುತ್ತಿದ್ದರು. ಆದರೆ ಸೆರೆಯಲ್ಲಿ ಅವು ಮರಿ ಹಾಕುತ್ತಿರಲಿಲ್ಲ. ಒಮ್ಮೆ ಹಾಕಿದ್ದನ್ನೇ ಜಹಾಂಗೀರ ಅಚ್ಚರಿಯೆಂದು ಬರೆದಿಟ್ಟ. ಹಾಗಾಗಿ ಪ್ರತಿಯೊಂದನ್ನೂ ಕಾಡಿನಿಂದಲೇ ಹಿಡಿದು ತರಬೇಕಿತ್ತು. ಹಿಡಿಯುವವರಿಗೆ ಮರಿಗಳು ಬೇಡವಾಗಿದ್ದವು, ದೊಡ್ಡವೇ ಬೇಕು. ಯಾಕಂದ್ರೆ ಬೇಟೆ ಕಲಿಸುವುದು ತಾಯಿ, ಅದನ್ನು ಮನುಷ್ಯ ಕಲಿಸಲಾರ ಎಂಬುದು ಅವರ ಅನುಭವ.

ಇಪ್ಪತ್ತನೇ ಶತಮಾನದ ಹೊತ್ತಿಗೆ ಇಲ್ಲಿನ ಚೀತಾ ಸಿಗುವುದೇ ಕಷ್ಟವಾಯಿತು. ಕೊಲ್ಹಾಪುರ, ಭಾವನಗರದಂಥ ಸಂಸ್ಥಾನಗಳು ಆಫ್ರಿಕಾದಿಂದ ತರಿಸಿಕೊಂಡವು. 1918ರಿಂದ 1945ರೊಳಗೆ ಸುಮಾರು 200 ಚೀತಾಗಳು ಹೀಗೆ ಭಾರತಕ್ಕೆ ಬಂದವು. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಮೋಸ: ಬೇಟೆ ನಿಲ್ಲಲಿಲ್ಲ, ಆದ್ದರಿಂದ ನಮ್ಮ ಚೀತಾ ಹೋದದ್ದು ಅರಮನೆಗೆ ತಟ್ಟಲೇ ಇಲ್ಲ. 1947ರಲ್ಲಿ ಕೊರಿಯಾದ ಅರಸ ಮೂರನ್ನು ಹೊಡೆದ. 1952ರಲ್ಲಿ ಸರ್ಕಾರ ಅಳಿದಿದೆ ಎಂದು ಘೋಷಿಸಿತು.

2000ದ ಸುಮಾರಿಗೆ ಹೈದರಾಬಾದಿನ ಸಿಸಿಎಂಬಿ ತದ್ರೂಪಿ ಚೀತಾ ಹುಟ್ಟಿಸಲು ಯೋಚಿಸಿತು. ಇರಾನಿನ ಚೀತಾದ ಜೀವಕೋಶ ಬೇಕಿತ್ತು, ಇರಾನ್ ಒಪ್ಪಲಿಲ್ಲ. ಒಪ್ಪಿದ್ದರೂ ಹೊರುವ ತಾಯಿ ಚಿರತೆಯಾಗುತ್ತಿತ್ತು. ಹಳೆಯ ಹಿಡಿಯುವವರ ಪ್ರಶ್ನೆ ಇಲ್ಲಿ ಮತ್ತೆ ಎದ್ದು ನಿಲ್ಲುತ್ತದೆ: ಕಲಿಸುವವರಾರು? ಸ್ಪೇನಿನಲ್ಲಿ 2003ರಲ್ಲಿ ಅಳಿದ ಬುಕಾರ್ಡೊ ಕಾಡುಮೇಕೆಯ ತದ್ರೂಪಿ ಹುಟ್ಟಿತು. ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷ ಬದುಕಿತು. ಆ ಮೇಕೆಗೆ ಏನೂ ಕಲಿಯುವಷ್ಟು ಹೊತ್ತೇ ಸಿಗಲಿಲ್ಲ.

ಕುನೋ ದಾರಿ ಬೇರೆ. ತದ್ರೂಪಿ ಅಲ್ಲ, ಬದಲಿ. ವಿದೇಶಿ ಉಪಜಾತಿ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತಡೆಯಿತು, 2020ರಲ್ಲಿ ಪ್ರಯೋಗಕ್ಕೆ ಒಪ್ಪಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ 8, ಮುಂದಿನ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ 12 ಬಂದವು. 2023ರ ಆಗಸ್ಟ್ ಆರಂಭದೊಳಗೆ 6 ದೊಡ್ಡವು, ಇಲ್ಲೇ ಹುಟ್ಟಿದ 3 ಮರಿಗಳು ಸತ್ತವು. ಆಮೇಲೂ ಮರಿಗಳು ಹುಟ್ಟಿವೆ, ಅದನ್ನೂ ಹೇಳಬೇಕು. ತಾಯಿಯೇ ಜೊತೆಗಿರುವುದರಿಂದ ಇದು ತದ್ರೂಪಿಗಿಂತ ಮೇಲು. ಆದರೂ ಇದನ್ನು ‘ಮರಳಿಕೆ’ ಎನ್ನಲು ನನಗೆ ನಾಲಿಗೆ ಬರೋದಿಲ್ಲ. ಕೊಲ್ಹಾಪುರದವರೂ ಆಫ್ರಿಕಾದಿಂದಲೇ ತಂದಿದ್ದರಲ್ಲ, ಅವರು ಹಾಗೆ ಅಂದಿರಲಿಲ್ಲ.

ಸಿವಂಗಿಗೆ ಬೇಕಿದ್ದಂಥ ಬಯಲನ್ನೇ ನೆಚ್ಚಿಕೊಂಡ ಎರೆಭೂತ ಹಕ್ಕಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ಅದರ ಹೆಸರು ಅಲ್ಲಿನ ರೈತರ ಬಾಯಲ್ಲಿ ಇನ್ನೂ ಇದೆ. ಹಣ ಯಾವುದಕ್ಕೆ ಮೊದಲು ಅಂತ ನನ್ನನ್ನು ಕೇಳಿದರೆ, ನಾನು ಅದರ ಕಡೆ ಕೈ ತೋರಿಸ್ತೀನಿ.