ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಯ್ತು, ಚಾಲಕರಿಗೆ ಪಾಠ ಯಾವಾಗ?

2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕರ್ನಾಟಕದಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಶೇ 50 ರಿಯಾಯಿತಿ ಇತ್ತು. 2023ರ ಫೆಬ್ರವರಿಯಲ್ಲೂ ಇಂಥದ್ದೇ ಆಫರ್ ಬಂದಿತ್ತು. ಜನ ಮುಗಿಬಿದ್ದು ಕಟ್ಟಿದ್ರು, ಬೊಕ್ಕಸಕ್ಕೆ ಕೋಟಿಗಟ್ಟಲೆ ಹಣ ಬಂತು. ಎರಡು ಸಲವೂ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ದಂಡ ಕಟ್ಟಿದವರಲ್ಲಿ ಎಷ್ಟು ಜನ ಗಾಡಿ ಓಡಿಸೋ ರೀತಿ ಬದಲಾಯಿಸಿಕೊಂಡ್ರು?

ತಪ್ಪು ಮಾಡಿದ ಚಾಲಕರನ್ನು ಮತ್ತೆ ಕ್ಲಾಸಿಗೆ ಕೂರಿಸೋ ವ್ಯವಸ್ಥೆ ನಮ್ಮ ಕಾನೂನಿನಲ್ಲೇ ಇದೆ. ಆದರೆ ಅದರ ಬಗ್ಗೆ ಮಾತಾಡೋರೇ ಕಡಿಮೆ.

ನಮ್ಮ ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ‘ಡ್ರೈವರ್ ರಿಫ್ರೆಶರ್ ಟ್ರೈನಿಂಗ್ ಕೋರ್ಸ್’ ಅನ್ನು ಸೇರಿಸಿತು. ಮುಖ್ಯ ಅಂಶಗಳು ಇವು:

• ಅತಿ ವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸೋದು, ರೇಸಿಂಗ್, ತ್ರಿಬಲ್ ರೈಡಿಂಗ್, ಹೆಲ್ಮೆಟ್ ಇಲ್ಲದಿರೋದು, ಆಂಬುಲೆನ್ಸ್‌ಗೆ ದಾರಿ ಬಿಡದಿರೋದು ಮೊದಲಾದ ಪ್ರಕರಣಗಳಲ್ಲಿ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬಹುದು (ಸೆಕ್ಷನ್ 206). ಸಿಗ್ನಲ್ ಜಂಪ್, ಮೊಬೈಲ್ ಹಿಡಿದು ಓಡಿಸೋದು ಕೂಡ ಅಪಾಯಕಾರಿ ಚಾಲನೆಯೇ. ಡಿಎಲ್ ಬದಲಿಗೆ ಪೊಲೀಸರು ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು.

• ಆರ್‌ಟಿಒ ನಿಮ್ಮ ಮಾತು ಕೇಳಲೇಬೇಕು. ಕೇಳಿದ ಮೇಲೆ ಒಂದೋ ಬಿಟ್ಟುಬಿಡಬಹುದು, ಇಲ್ಲವೇ ಕಾರಣ ಬರೆದು ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹಗೊಳಿಸಬಹುದು (ಸೆಕ್ಷನ್ 19).

• ಮೂರು ತಿಂಗಳು ಮುಗಿದರೂ ಕೋರ್ಸ್ ಪೂರೈಸಿದರೆ ಮಾತ್ರ ಡಿಎಲ್ ವಾಪಸ್.

• ಆದೇಶ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

• ಸ್ಥಳದಲ್ಲೇ ದಂಡ ಕಟ್ಟಿದ ಮಾತ್ರಕ್ಕೆ ಕೋರ್ಸ್ ಮಾಡುವ ಹೊಣೆ ತಪ್ಪಲ್ಲ (ಸೆಕ್ಷನ್ 200). ಸಮುದಾಯ ಸೇವೆಯನ್ನೂ ಹೇರುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮಲ್ಲಿ ಕೋರ್ಸ್ ಶಿಕ್ಷೆಗೆ ಬದಲಿಯಲ್ಲ, ಶಿಕ್ಷೆಯ ಕೊನೆಗೆ ಕಟ್ಟಿದ ಬಾಲ.

ಅಮೆರಿಕದಲ್ಲಿ ಹೇಗೆ?

ಅಲ್ಲಿ ರಾಜ್ಯಕ್ಕೊಂದು ನಿಯಮ. ವರ್ಜೀನಿಯಾದಲ್ಲಿ ನ್ಯಾಯಾಧೀಶರೇ ಚಾಲಕರನ್ನು ‘ಡ್ರೈವರ್ ಇಂಪ್ರೂವ್‌ಮೆಂಟ್ ಕ್ಲಿನಿಕ್’ಗೆ ಕಳಿಸಬಹುದು. ಎಂಟು ಗಂಟೆಯ ಪಾಠ. ಕೋರ್ಟ್ ಕೊಟ್ಟ ಗಡುವಿನೊಳಗೆ ಮುಗಿಸಬೇಕು. ಯಾರೂ ಹೇಳದೆ ತಾವಾಗಿಯೇ ಹೋದವರ ದಾಖಲೆಗೆ ಐದು ‘ಸೇಫ್ ಡ್ರೈವಿಂಗ್ ಪಾಯಿಂಟ್’ ಸೇರುತ್ತೆ. ಅದೇ ರಾಜ್ಯದಲ್ಲಿ ಗಂಟೆಗೆ 85 ಮೈಲಿ, ಅಂದರೆ ಸುಮಾರು 137 ಕಿ.ಮೀ. ದಾಟಿದರೆ ಅದು ಬರೀ ಟಿಕೆಟ್ ಅಲ್ಲ, ಕ್ರಿಮಿನಲ್ ಕೇಸು. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಐಟಿ ಹುಡುಗರು, ಹುಡುಗಿಯರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೇದು.

ಟೆಕ್ಸಾಸ್‌ನಲ್ಲಿ ಆರು ಗಂಟೆಯ ಕೋರ್ಸ್, 90 ದಿನದ ಗಡುವು. ಮುಗಿಸಿದರೆ ಕೇಸೇ ವಜಾ. ಆದರೆ ಮಿತಿಗಿಂತ 25 ಮೈಲಿ ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಹೋದವರಿಗೆ ಈ ಸೌಲಭ್ಯ ಇಲ್ಲ. ಸಾಮಾನ್ಯವಾಗಿ 12 ತಿಂಗಳಿಗೆ ಒಂದೇ ಅವಕಾಶ.

ಅದೇನೂ ಸ್ವರ್ಗ ಅಲ್ಲ. ಕೋರ್ಸ್ ಶುಲ್ಕ, ಕೋರ್ಟ್ ಶುಲ್ಕ ಎರಡೂ ಚಾಲಕರ ಜೇಬಿನಿಂದಲೇ ಹೋಗುತ್ತೆ. ಲಾರಿ, ಬಸ್ ಓಡಿಸೋ ಕಮರ್ಷಿಯಲ್ ಲೈಸೆನ್ಸ್‌ನವರಿಗೆ ಟೆಕ್ಸಾಸ್‌ನ ಈ ರಿಯಾಯಿತಿ ಸಿಗಲ್ಲ.

ಕ್ಲಾಸಿನಿಂದ ಪ್ರಯೋಜನ ಇದೆಯಾ?

ಬ್ರಿಟನ್‌ನಲ್ಲಿ ವೇಗದ ಮಿತಿಯನ್ನು ತುಸು ಮೀರಿದವರಿಗೆ ಪೊಲೀಸರೇ ಆಯ್ಕೆ ಕೊಡ್ತಾರೆ: ದಂಡ ಮತ್ತು ಪೆನಾಲ್ಟಿ ಪಾಯಿಂಟ್, ಇಲ್ಲವೇ ‘ಸ್ಪೀಡ್ ಅವೇರ್‌ನೆಸ್ ಕೋರ್ಸ್’. 2018ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಂಡ ಕಟ್ಟಿದವರಿಗಿಂತ ಕೋರ್ಸ್ ಮಾಡಿದವರು ಮತ್ತೆ ವೇಗದ ತಪ್ಪಿಗೆ ಸಿಕ್ಕಿಬೀಳೋದು ಕಡಿಮೆಯಾಗಿತ್ತು. ಅಪಘಾತಗಳ ಮೇಲೆ ಮಾತ್ರ ಸ್ಪಷ್ಟ ಪರಿಣಾಮ ಕಾಣಲಿಲ್ಲ. ಅಂದರೆ ಕೋರ್ಸ್ ಮಂತ್ರದಂಡವಲ್ಲ, ಆದರೆ ಬರೀ ರಸೀದಿಗಿಂತ ಮೇಲು.

ಎಂಜಿನಿಯರಿಂಗ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದುವಾಗ ನಾನು ಕಲಿತ ಒಂದು ಪಾಠ ಇಲ್ಲಿಗೆ ಹೊಂದುತ್ತೆ: ಫೀಡ್‌ಬ್ಯಾಕ್ ತಡವಾಗಿ ಬಂದರೆ ವ್ಯವಸ್ಥೆ ದಾರಿಗೆ ಬರಲ್ಲ. ಕ್ಯಾಮೆರಾ ಇವತ್ತು ಫೋಟೊ ತೆಗೆದು, ನೀವು ಎರಡು ವರ್ಷ ಬಿಟ್ಟು ಅರ್ಧ ರೇಟಿಗೆ ದಂಡ ಕಟ್ಟಿದರೆ ಅದು ಫೀಡ್‌ಬ್ಯಾಕ್ ಅಲ್ಲ, ಹಳೇ ಸಾಲದ ಸೆಟ್ಲ್‌ಮೆಂಟ್.

ಶಿಕ್ಷೆ ಯಾರಿಗೆ ಹೆಚ್ಚು ತಟ್ಟುತ್ತೆ?

ಮೂರು ತಿಂಗಳು ಡಿಎಲ್ ಇಲ್ಲದಿದ್ದರೆ ಕಾರಿರೋ ಮ್ಯಾನೇಜರ್ ಕ್ಯಾಬ್ ಬುಕ್ ಮಾಡ್ತಾರೆ. ಅದೇ ಶಿಕ್ಷೆ ಫುಡ್ ಡೆಲಿವರಿ ಹುಡುಗನಿಗೆ ಮೂರು ತಿಂಗಳ ಅನ್ನ ಕಿತ್ತುಕೊಂಡ ಹಾಗೆ. ಹೊಟ್ಟೆಪಾಡಿಗೆ ಅಂತ ಅವನು ಗಾಡಿ ತೆಗೆದರೆ ಸೆಕ್ಷನ್ 182ರಡಿ ₹10,000 ದಂಡ, ಜೈಲೂ ಆಗಬಹುದು. ಹತ್ತು ನಿಮಿಷದ ಗಡುವು ಕೊಟ್ಟು ಅವನನ್ನು ಓಡಿಸಿದ ಕಂಪನಿ ಈ ಚಿತ್ರದಲ್ಲಿ ಎಲ್ಲೂ ಇಲ್ಲ.

ಹಾಗಂತ ನಿಯಮ ಸಡಿಲ ಮಾಡಿ ಅಂತ ನಾನು ಹೇಳ್ತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಕುಡಿದು ಓಡಿಸಿದವರ, ರೇಸ್ ಮಾಡಿದವರ ಡಿಎಲ್ ಹೋಗಲೇಬೇಕು. ಆದರೆ ಯಾರಿಗೂ ಗಾಯ ಮಾಡದ ಮೊದಲ ತಪ್ಪಿಗೆ, ಬಿಟ್ಟುಬಿಡೋದು ಮತ್ತು ಮೂರು ತಿಂಗಳ ಬೀಗ ಇವೆರಡರ ನಡುವೆ ಮೂರನೇ ಬಾಗಿಲು ಬೇಕು: ತಿಂಗಳೊಳಗೆ ಕ್ಲಾಸ್ ಮುಗಿಸಿದರೆ ಡಿಎಲ್ ಉಳಿಯುತ್ತೆ.

ಅದಕ್ಕೆ ಕೇಂದ್ರ ಕಾಯ್ದೆ ತಿದ್ದಬೇಕು. ಅಲ್ಲಿಯವರೆಗೆ ರಾಜ್ಯ ಸರ್ಕಾರ ಮಾಡಬಹುದಾದ ಕೆಲಸಗಳೂ ಇವೆ. ಕ್ಲಾಸ್ ಕನ್ನಡದಲ್ಲಿ ಇರಲಿ, ತಾಲ್ಲೂಕು ಮಟ್ಟದಲ್ಲಿ ಇರಲಿ, ದಿನಗೂಲಿ ತಪ್ಪದ ಹೊತ್ತಿನಲ್ಲಿ ನಡೀಲಿ, ಶುಲ್ಕ ದಂಡದ ಹಣದಿಂದಲೇ ಭರ್ತಿಯಾಗಲಿ. ಎಷ್ಟು ಡಿಎಲ್ ಅಮಾನತಾಯ್ತು, ಎಷ್ಟು ಜನ ಕೋರ್ಸ್ ಮುಗಿಸಿದ್ರು ಅನ್ನೋ ಲೆಕ್ಕ ಜಿಲ್ಲಾವಾರು ಪ್ರಕಟವಾಗಲಿ. ಆ ಲೆಕ್ಕ ಕೇಳೋಕೆ ನಿಮ್ಮ ಆರ್‌ಟಿಒ ಕಚೇರಿಗೆ ಒಂದು ಆರ್‌ಟಿಐ ಅರ್ಜಿ ಸಾಕು. ಶುಲ್ಕ ಹತ್ತೇ ರೂಪಾಯಿ.